ನಿಧಿಯಾಸೆಗೆ ಅಗೆದ ಗುಂಡಿಗಳು

2025ರ ಜನವರಿಯಲ್ಲಿ ಕುಂಬಳೆಯ ಸಮೀಪದ ಆರಿಕ್ಕಾಡಿ ಕೋಟೆಯೊಳಗೆ ನಿಧಿಯಿದೆಯೆಂದು ನಂಬಿ ಅಲ್ಲಿನ ಬಾವಿಯಲ್ಲಿ ಅಗೆತ ನಡೆಸಿದ ಐವರು ಪೊಲೀಸರ ಕೈಗೆ ಸಿಕ್ಕಿದ ಸುದ್ದಿ ನಮ್ಮ ವಾಚಕರಿಗೆ ನೆನಪಿರಬಹುದು. ಕೋಟೆಯೊಳಗಿನಿಂದ ಸದ್ದು ಕೇಳಿ ಅದೇನೆಂದು ನೋಡಹೋದವರು ಊರವರೇ. ಹಿಡಿದು ಒಪ್ಪಿಸಿದವರೂ ಅವರೇ. ಆ ಜಾಗೃತಿಗಾಗಿ ಅವರನ್ನು ಅಭಿನಂದಿಸಬೇಕಾದದ್ದೇ. ಆದರೆ ಆ ಸುದ್ದಿ ಎರಡು ದಿನ ಚಹಾದಂಗಡಿಗಳಲ್ಲಿ ನಗೆಚಾಟಿಕೆಗೆ ವಸ್ತುವಾಗಿ ಅನಂತರ ಮರೆತುಹೋಯಿತು. "ಏನಾದರೂ ಸಿಕ್ಕಿತಂತೋ?" ಎಂಬುದೊಂದೇ ಎಲ್ಲರ ಪ್ರಶ್ನೆಯಾಗಿತ್ತೇ ಹೊರತು, ಏನು ಹಾಳಾಯಿತು ಎಂದು ಕೇಳಿದವರು ವಿರಳ. ನಾವು ಈ ವಿಷಯವನ್ನು ಇಂದು ಎತ್ತಿಕೊಂಡಿರುವುದು ಆ ಎರಡನೆಯ ಪ್ರಶ್ನೆಗಾಗಿ.

ನಿಧಿಯ ಕತೆಯಿಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಇದ್ದಂತಿಲ್ಲ. ಪಾಳುಬಿದ್ದ ಕೋಟೆ, ಬಿದ್ದುಹೋದ ಬೀಡು, ಪೂಜೆ ನಿಂತ ಗುಡಿ, ಗುಡ್ಡೆಯ ಮುರಕಲ್ಲಿನಲ್ಲಿ ಕೊರೆದ ಗುಹೆ, ಇವೆಲ್ಲದರ ಕೆಳಗೂ ಏಳು ಕೊಪ್ಪರಿಗೆ ಹೊನ್ನಿದೆ, ಅದಕ್ಕೆ ಸರ್ಪ ಕಾವಲಿದೆ ಎಂದು ಅಜ್ಜಿಯಂದಿರು ಹೇಳಿದ್ದನ್ನು ಕೇಳಿಯೇ ನಾವೆಲ್ಲ ಬೆಳೆದವರು. ಕತೆ ಕತೆಯಾಗಿದ್ದಷ್ಟು ಕಾಲ ಯಾರಿಗೂ ನಷ್ಟವಿರಲಿಲ್ಲ. ಸರ್ಪದ ಭಯ ಒಂದು ವಿಧದಲ್ಲಿ ಆ ಜಾಗಗಳನ್ನು ಕಾಯ್ದುಕೊಂಡು ಬಂದಿತೆಂದರೂ ತಪ್ಪಾಗಲಾರದು. ಇಂದು ಭಯ ಹೋಗಿದೆ, ಆಸೆ ಮಾತ್ರ ಉಳಿದಿದೆ.

ನೆಲದೊಳಗೆ ಹಣ ಹೂಳಿಡುವ ವಾಡಿಕೆ ಇದ್ದದ್ದು ಸುಳ್ಳಲ್ಲ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಅಡಿಗೆಮನೆಯ ಮೂಲೆಯೋ ತೋಟದ ಬದುವೋ ತಿಜೋರಿಯಾಗಿತ್ತು. ಇಕ್ಕೇರಿಯ ಅರಸರ ಆಳ್ವಿಕೆ 1763ರಲ್ಲಿ ಹೈದರಾಲಿಯ ಕೈಯಲ್ಲಿ ಕೊನೆಗೊಂಡು, 1799ರಲ್ಲಿ ಈ ನಾಡು ಕುಂಪಣಿಯ ಪಾಲಾಗುವ ವರೆಗಿನ ಮೂವತ್ತಾರು ವರ್ಷಗಳಲ್ಲಿ ದಂಡುಗಳು ಈ ದಾರಿಯಾಗಿ ಹೋದವು, ಬಂದವು. ಹೂಳಿಟ್ಟವರಲ್ಲಿ ಕೆಲವರು ಅಗೆದು ತೆಗೆಯಲು ಮರಳಿ ಬರಲಿಲ್ಲ. ಆದರೆ ಇಂಥವು ಸಿಕ್ಕಿದ್ದು ಬಹುತೇಕ ಆಕಸ್ಮಿಕವಾಗಿ, ಬೇರೆ ಕೆಲಸಕ್ಕೆ ಅಗೆದವರಿಗೆ. ಗೊತ್ತುಮಾಡಿಕೊಂಡು ಹೋಗಿ ಕೋಟೆ ಅಗೆದವನು ಶ್ರೀಮಂತನಾದ ಉದಾಹರಣೆಯನ್ನು ನಾವಂತೂ ಕಂಡಿಲ್ಲ. ಕೋಟೆ ಎಂಬುದು ಸೈನಿಕರು ಇದ್ದ ಜಾಗ. ಸೋತವನ ಕೋಟೆಯನ್ನು ಗೆದ್ದವನು ಮೊದಲು ಜಾಲಾಡಿಸುತ್ತಾನೆ. ಅವನು ಬಿಟ್ಟುಹೋದ ಹೊನ್ನನ್ನು ಇನ್ನೂರೈವತ್ತು ವರ್ಷಗಳ ಮೇಲೆ ನಾವು ಟಾರ್ಚು ಹಿಡಿದು ಹುಡುಕುತ್ತೇವೆ!

ಈ ಆಸೆಯ ಸುತ್ತ ಬೆಳೆದಿರುವ ವ್ಯಾಪಾರ ಬೇರೆಯೇ ಇದೆ. ವೀಳ್ಯದೆಲೆಗೆ ಅಂಜನ ಹಚ್ಚಿ ಜಾಗ ತೋರಿಸುವವರು ಹಿಂದೆ ಇದ್ದರು, ಈಗಲೂ ಇದ್ದಾರೆ. ಅಕ್ಕಿಕಾಳನ್ನು ಎಳೆಯುವ ತಾಮ್ರದ ಪಾತ್ರೆ, ಇರಿಡಿಯಂ ತುಂಬಿದ ಕಲಶ, ಎರಡು ತಲೆಯ ಹಾವು ಎಂದು ನಂಬಿಸಿ ಲಕ್ಷಗಟ್ಟಲೆ ಹಣ ಕಿತ್ತುಕೊಂಡ ಪ್ರಕರಣಗಳು ದಕ್ಷಿಣ ಭಾರತದಾದ್ಯಂತ ವರ್ಷವರ್ಷವೂ ವರದಿಯಾಗುತ್ತಿವೆ. ಆ ಎರಡು ತಲೆಯ ಹಾವೆಂಬುದು ಬಾಲವೂ ತಲೆಯಂತೆಯೇ ಮೊಂಡಾಗಿರುವ ಬಡಪಾಯಿ ಮಣ್ಣುಮುಕ್ಕ ಹಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದವನೂ ಅಪರಾಧಿ, ಕೊಂಡವನೂ ಅಪರಾಧಿ. ಇದರ ಮೇಲೆ ಈಗ ಲೋಹಶೋಧಕ ಯಂತ್ರವೂ ಬಂದಿದೆ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ತರಿಸಿಕೊಳ್ಳಬಹುದು. ವಿಲಾಯತಿಯ ಹವ್ಯಾಸಿಗಳು ಹೊಲಗಳಲ್ಲಿ ಯಂತ್ರ ಆಡಿಸುತ್ತ ಬಂಗಾರ ಎತ್ತುವ ವಿಡಿಯೋಗಳನ್ನು ನಮ್ಮ ತರುಣರು ಬೆರಗಿನಿಂದ ನೋಡುತ್ತಿದ್ದಾರೆ.

ಆ ವಿಡಿಯೋಗಳಲ್ಲಿ ಕಾಣದ ಒಂದು ಸಂಗತಿಯಿದೆ. ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಕಟ್ಟುಪಾಡುಗಳಿವೆ. ಹೊಲದ ಒಡೆಯನ ಅಪ್ಪಣೆ ಬೇಕು. ಸಂರಕ್ಷಿತ ಸ್ಥಳಗಳಲ್ಲಿ ಯಂತ್ರ ಆಡಿಸುವಂತಿಲ್ಲ. 1996ರ ಕಾಯ್ದೆಯಂತೆ ನಿಧಿಯೆನಿಸುವುದು ಸಿಕ್ಕರೆ ಅಧಿಕಾರಿಗೆ ತಿಳಿಸಲೇಬೇಕು. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಒಬ್ಬ ಹವ್ಯಾಸಿಗೆ ದೊಡ್ಡದೊಂದು ಬಂಗಾರದ ರಾಶಿ ಸಿಕ್ಕಿದಾಗ ಆತ ಅದನ್ನು ವರದಿ ಮಾಡಿದ. ತಜ್ಞರು ಬಂದು ಉಳಿದದ್ದನ್ನು ಅಗೆದರು. 32 ಲಕ್ಷ ಪೌಂಡುಗಳಿಗೂ ಮಿಕ್ಕಿದ ಅದರ ಬೆಲೆಯನ್ನು ಅವನಿಗೂ ಹೊಲದ ಒಡೆಯನಿಗೂ ಹಂಚಲಾಯಿತು. ಒಡವೆಗಳು ಆ ಪ್ರದೇಶದ ವಸ್ತುಸಂಗ್ರಹಾಲಯಗಳಿಗೇ ಹೋದವು. ಅಲ್ಲಿ ಹಗಲು ಬೆಳಕಿನಲ್ಲಿ ನಡೆಯುವ ಕೆಲಸ ಅದು. ನಮ್ಮಲ್ಲಿ ನಡೆಯುತ್ತಿರುವುದು ಕತ್ತಲೆಯ ಕೆಲಸ. ಎರಡಕ್ಕೂ ಒಂದೇ ಹೆಸರು ಕೊಡಲಾಗದು.

ಅಗೆದರೆ ಏನು ಹಾಳಾಗುತ್ತದೆ ಎಂದು ಕೇಳುವವರಿದ್ದಾರೆ. ನಾಣ್ಯವೊಂದನ್ನು ಕೈಯಲ್ಲಿ ಹಿಡಿದರೆ ಅದು ಯಾರ ಕಾಲದ್ದೆಂದು ಹೇಳಬಹುದು, ಅಷ್ಟೆ. ಅದೇ ನಾಣ್ಯ ಯಾವ ಗೋಡೆಯ ಕೆಳಗೆ, ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆಚೂರಿನ ಪಕ್ಕದಲ್ಲಿ ಇತ್ತೆಂಬುದು ತಿಳಿದರೆ ಆ ಗೋಡೆ ಯಾವಾಗ ಕಟ್ಟಿದ್ದು, ಅಲ್ಲಿ ಯಾರು ಇದ್ದರು, ಯಾವಾಗ ಬಿಟ್ಟುಹೋದರು ಎಂಬುದೆಲ್ಲ ಹೊರಬೀಳುತ್ತದೆ. ಮಣ್ಣು ಪುಸ್ತಕದ ಹಾಳೆಯಂತೆ ಒಂದರ ಮೇಲೊಂದು ಕೂತಿರುತ್ತದೆ. ಜೆಸಿಬಿಯಿಂದ ಕಲಸಿದ ಮೇಲೆ ಅದನ್ನು ಪುನಃ ಓದಲು ಯಾವ ಪಂಡಿತನಿಂದಲೂ ಸಾಧ್ಯವಿಲ್ಲ. ಬೇಕಲ ಕೋಟೆಯಲ್ಲಿ 1997ರಿಂದ 2001ರ ವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕ್ರಮವಾಗಿ ಅಗೆದಾಗ ಅರಮನೆಯ ಕಟ್ಟಡಗಳ ಮತ್ತು ಟಂಕಸಾಲೆಯ ಅವಶೇಷಗಳು ಬೆಳಕಿಗೆ ಬಂದವು. ಬರಿಯ ಕಾವಲುಕೋಟೆ ಎಂದು ತಿಳಿದಿದ್ದ ಜಾಗದಲ್ಲಿ ಇಕ್ಕೇರಿ ನಾಯಕರ ಆಡಳಿತವೇ ನಡೆದಿತ್ತೆಂಬುದು ಹೀಗೆ ಗೊತ್ತಾಯಿತು. ನಿಧಿಗಳ್ಳರು ಅಲ್ಲಿ ಮೊದಲೇ ಕೈಯಾಡಿಸಿದ್ದರೆ ಇದು ಗೊತ್ತಾಗುತ್ತಿತ್ತೇ?

ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೂ ಒಂದು ಹಿತಾಸಕ್ತಿಯಿದೆ. ಅದನ್ನು ಸಂಕೋಚವಿಲ್ಲದೆ ಹೇಳುತ್ತೇವೆ. 1956ರ ನವಂಬರ 1ರಂದು ಈ ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ ನಾವು ಇಲ್ಲಿಗೆ ಎಲ್ಲಿಂದಲೋ ಬಂದವರೆಂಬಂತೆ ಮಾತಾಡುವವರನ್ನು ನಾವು ಆಗಾಗ ಎದುರಿಸಬೇಕಾಗಿ ಬಂದಿದೆ. ಅಂಥವರಿಗೆ ಉತ್ತರ ಕೊಡುವುದು ವೇದಿಕೆಯ ಭಾಷಣಗಳಲ್ಲ, ನೆಲದಲ್ಲಿ ನಿಂತ ಕಲ್ಲುಗಳು. ತಳಂಗೆರೆಯ ಹಳಗನ್ನಡ ಶಾಸನ ಸುಮಾರು ಹತ್ತನೆಯ ಶತಮಾನದ್ದು. ಜೋಗವ್ವೆ ಎಂಬ ಹೆಣ್ಣುಮಗಳಿಗೆ ಭೂಮಿ ಕೊಟ್ಟದ್ದನ್ನು ಅದು ಹೇಳುತ್ತದೆ. ಕುಂಬಳೆ, ಚಂದ್ರಗಿರಿ, ಬೇಕಲ, ಹೊಸದುರ್ಗಗಳ ಕೋಟೆಗಳ ಸಾಲು ಇಕ್ಕೇರಿಯವರ ಕಾಲವನ್ನು ನೆನಪಿಸುತ್ತದೆ. ಹೊಸದುರ್ಗ ಎಂಬ ಹೆಸರನ್ನು ಮಲಯಾಳಿ ಬಾಂಧವರು ಪುದಿಯಕೋಟ್ಟ ಎಂದು ತಮ್ಮ ಭಾಷೆಗೆ ತಿರುಗಿಸಿಕೊಂಡರೂ ಅರ್ಥ ಅದೇ ಉಳಿದಿದೆ. ಕೋಟೆಯ ಒಂದು ಕಲ್ಲನ್ನು ಕಿತ್ತವನು ಈ ದಾಖಲೆಯ ಒಂದು ಪುಟವನ್ನೇ ಹರಿದಂತೆ. ಕಿತ್ತವನು ಕನ್ನಡಿಗನೇ ಆಗಿದ್ದರೂ ನಮ್ಮ ಮಾತು ಬದಲಾಗದು. ಈ ಕಲ್ಲುಗಳು ನಮ್ಮವು ಮಾತ್ರವೆಂದು ನಾವು ಹೇಳುತ್ತಿಲ್ಲ ಎಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸುತ್ತೇವೆ. ಜಿಲ್ಲೆಯ ದಕ್ಷಿಣ ಭಾಗದ ಮುರಕಲ್ಲಿನ ಗುಹಾಸಮಾಧಿಗಳು ಕನ್ನಡ ಮಲಯಾಳಗಳೆಂಬ ಭೇದ ಹುಟ್ಟುವ ಮುನ್ನಿನವು. ಅವನ್ನು ಒಡೆದು ಒಳಗಿನ ಮಡಕೆಗಳನ್ನು ಚೂರು ಮಾಡಿ, ಬಂಗಾರವಿಲ್ಲವೆಂದು ಬೈದು ಹೋಗುವವರಿಂದ ಎಲ್ಲರಿಗೂ ನಷ್ಟವೇ.

ಹಾಗಾದರೆ ಸಿಕ್ಕಿದವರು ಏನು ಮಾಡಬೇಕು? 2024ರ ಜುಲೈಯಲ್ಲಿ ನೆರೆಯ ಕಣ್ಣೂರು ಜಿಲ್ಲೆಯ ಚೆಂಙಳಾಯಿಯಲ್ಲಿ ನಡೆದದ್ದನ್ನು ಎಲ್ಲರೂ ತಿಳಿಯಬೇಕು. ಉದ್ಯೋಗಖಾತರಿ ಯೋಜನೆಯ ಹೆಂಗಸರು ರಬ್ಬರ್ ತೋಟದಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದಾಗ ಒಂದು ಪಾತ್ರೆ ಸಿಕ್ಕಿತು. ಬಾಂಬೋ ಏನೋ ಎಂದು ಹೆದರಿ ಎಸೆದರು. ಒಡೆದಾಗ ಬಂಗಾರದ ಪದಕಗಳು, ಮುತ್ತುಗಳು, ಬೆಳ್ಳಿಯ ನಾಣ್ಯಗಳು ಚೆಲ್ಲಿದವು. ದಿನಗೂಲಿಯ ಆ ಹೆಂಗಸರು ಅವನ್ನು ಹಂಚಿಕೊಂಡು ಮನೆಗೆ ಹೋಗಬಹುದಾಗಿತ್ತು. ಹೋಗಲಿಲ್ಲ. ಅಧಿಕಾರಿಗಳಿಗೆ ತಿಳಿಸಿ ಎಲ್ಲವನ್ನೂ ಒಪ್ಪಿಸಿದರು. ಆರಿಕ್ಕಾಡಿಯ ಸುದ್ದಿಗೆ ಸಿಕ್ಕ ಪ್ರಚಾರದ ಅರ್ಧದಷ್ಟೂ ಈ ಸುದ್ದಿಗೆ ನಮ್ಮ ಭಾಗದಲ್ಲಿ ಸಿಗಲಿಲ್ಲವೆಂಬುದು ವಿಷಾದದ ಸಂಗತಿ.

ಎಲ್ಲರೂ ಹೀಗೆ ಒಪ್ಪಿಸುವುದಿಲ್ಲ. ಅದಕ್ಕೆ ಕಾರಣ ದುರಾಸೆ ಒಂದೇ ಅಲ್ಲ, ಭಯವೂ ಹೌದು. ಸುದ್ದಿ ಹೊರಬಿದ್ದರೆ ಜಾಗವನ್ನೇ ಸರಕಾರ ವಶಪಡಿಸಿಕೊಂಡೀತು, ಅರ್ಧ ಕಟ್ಟಿದ ಮನೆ ನಿಂತುಹೋದೀತು, ಠಾಣೆಗೆ ಅಲೆದು ಚಪ್ಪಲಿ ಸವೆದೀತು ಎಂಬ ಹೆದರಿಕೆಯಿಂದ ಮಣ್ಣು ಮುಚ್ಚಿ ಸುಮ್ಮನಾಗುವ ಬಡ ಕೃಷಿಕರಿದ್ದಾರೆ. ಅವರನ್ನು ನಾವು ಕಳ್ಳರ ಸಾಲಿಗೆ ಸೇರಿಸಲು ಸಿದ್ಧರಿಲ್ಲ. ಸಿಕ್ಕಿದವನಿಗೂ ಹಕ್ಕಿದೆ ಎಂಬುದನ್ನು ಬ್ರಿಟಿಷರು 1878ರ ನಿಧಿ ಕಾಯ್ದೆಯಲ್ಲಿಯೇ ಒಪ್ಪಿದ್ದರು. ವಾರಸುದಾರರಿಲ್ಲದ ನಿಧಿಯನ್ನು ಸಿಕ್ಕಿದವನಿಗೂ ಜಾಗದ ಒಡೆಯನಿಗೂ ಹಂಚುವ ಕ್ರಮ ಅದರಲ್ಲಿತ್ತು. ಬೇರೆ ಒಪ್ಪಂದವಿಲ್ಲದಿದ್ದರೆ ಸಿಕ್ಕಿದವನ ಪಾಲು ನಾಲ್ಕರಲ್ಲಿ ಮೂರು. ಸರಕಾರಕ್ಕೆ ಆ ವಸ್ತು ಬೇಕಾದರೆ ಲೋಹದ ಬೆಲೆಯ ಮೇಲೆ ಐದರಲ್ಲೊಂದು ಪಾಲು ಹೆಚ್ಚಾಗಿ ಕೊಟ್ಟು ಪಡೆಯಬೇಕಿತ್ತು. ಬಚ್ಚಿಟ್ಟವನಿಗೆ ಮಾತ್ರ ಪಾಲೂ ಇಲ್ಲ, ಜೈಲೂ ಉಂಟು. ಕೇರಳವು 1968ರಲ್ಲಿ ತನ್ನದೇ ನಿಧಿ ಕಾಯ್ದೆಯನ್ನು ಮಾಡಿಕೊಂಡಿದೆ. ಅದರಂತೆ ಸಿಕ್ಕಿದವನಿಗೆ ಸಲ್ಲುವುದೇನು, ಎಷ್ಟು ದಿನಗಳಲ್ಲಿ ಸಲ್ಲುತ್ತದೆ ಎಂಬುದನ್ನು ಜಿಲ್ಲಾಡಳಿತವು ಸರಳ ಕನ್ನಡದಲ್ಲಿ ಪ್ರಕಟಿಸಿದರೆ ಅರ್ಧ ಭಯ ಅಲ್ಲಿಗೇ ನೀಗುತ್ತದೆ. ಜಿಲ್ಲಾಧಿಕಾರಿಗೆ ಅರ್ಜಿಯನ್ನು ಮಲಯಾಳದಲ್ಲಿಯೇ ಬರೆಯಬೇಕೆಂದಿಲ್ಲ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು 1969ರ ರಾಜ್ಯ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಈ ಹಕ್ಕನ್ನು ಬಳಸದೆ ಬಿಟ್ಟರೆ ಅದೂ ಹೂತಿಟ್ಟ ಹೊನ್ನಿನಂತೆಯೇ.

ಹಳೆಯ ವಸ್ತುಗಳ ಹವ್ಯಾಸವೇ ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ತೋಟದಲ್ಲಿ ಸಿಕ್ಕ ಟಿಪ್ಪುವಿನ ಆನೆಯ ಕಾಸನ್ನು ತೊಳೆದು, ಎಲ್ಲಿ ಯಾವಾಗ ಸಿಕ್ಕಿತೆಂದು ಬರೆದಿಡುವ ಹುಡುಗನನ್ನು ಅಧ್ಯಾಪಕರು ಹುರಿದುಂಬಿಸಲಿ. ಗುಡ್ಡೆ ಹತ್ತಿ ಬರಹದ ಕಲ್ಲು ಹುಡುಕುವುದು, ಅದರ ಫೋಟೋ ತೆಗೆಯುವುದು, ಬಲ್ಲವರನ್ನು ಕರೆತಂದು ಓದಿಸುವುದು ರಜಾದಿನಗಳಿಗೆ ಒಪ್ಪುವ ಕೆಲಸ. ಇದಕ್ಕೆ ಹಾರೆಯೂ ಬೇಡ, ಯಂತ್ರವೂ ಬೇಡ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯಗಳೂ ಎಪ್ಪತ್ತೈದು ವರ್ಷ ದಾಟಿದ ಮಹತ್ತ್ವದ ಹಸ್ತಪ್ರತಿಗಳೂ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಮನಬಂದಂತೆ ಮಾರುವಂತಿಲ್ಲ ಎಂಬುದೊಂದು ನೆನಪಿದ್ದರೆ ಸಾಕು.

ಅಲ್ಲದೆ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಸಿಕ್ಕ ದೊಡ್ಡ ನಿಧಿ ಯಾವುದು? ವೆಂಕಟರಾಜ ಪುಣಿಂಚತ್ತಾಯರು ಹಳೆಯ ಮನೆಗಳ ತಾಳೆಗರಿಗಳನ್ನು ಹುಡುಕಿ ತೆಗೆದು ಸಂಪಾದಿಸಿದ 'ಶ್ರೀ ಭಾಗವತೊ', 'ಕಾವೇರಿ' ಮೊದಲಾದ ತುಳು ಕಾವ್ಯಗಳು ತುಳುವಿಗೆ ಪ್ರಾಚೀನ ಸಾಹಿತ್ಯವಿಲ್ಲವೆಂಬ ಮಾತನ್ನೇ ಅಡಗಿಸಿದವು. ಇನ್ನೂ ಎಷ್ಟೋ ಮನೆಗಳ ಅಟ್ಟಗಳಲ್ಲಿ ತಾಳೆಗರಿಯ ಕಟ್ಟುಗಳು, ಯಕ್ಷಗಾನ ಪ್ರಸಂಗಗಳು, ಕಡತಗಳು ಗೆದ್ದಲಿನ ಬಾಯಲ್ಲಿವೆ. ಹಳೆಯ ಮನೆ ಕೆಡವಿ ಟೆರೇಸ್ ಕಟ್ಟುವಾಗ ಅವು ಬಚ್ಚಲ ಒಲೆಗೆ ಹೋಗುತ್ತಿವೆ. ಕೋಟೆಯ ಬಾವಿಗಿಳಿಯಲು ಇರುವ ಧೈರ್ಯ ಸ್ವಂತ ಮನೆಯ ಅಟ್ಟ ಹತ್ತಲು ಯಾಕಿಲ್ಲವೋ ತಿಳಿಯದು.

ಸರಕಾರವೂ ಕೈಕಟ್ಟಿ ಕೂರುವಂತಿಲ್ಲ. ಕಾಡು ಬೆಳೆದು ಹಾವು ಹರಿದಾಡುವ ಕೋಟೆಗೆ ಒಂದು ಹೆಸರಿನ ಹಲಗೆ, ಒಬ್ಬ ಕಾವಲುಗಾರ, ವರ್ಷಕ್ಕೊಮ್ಮೆ ಪೊದೆ ಸವರುವ ಏರ್ಪಾಡು ಆಗಬೇಕು. ಹಲಗೆಯಲ್ಲಿ ಕನ್ನಡವೂ ಇರಬೇಕು. ಪ್ರತಿ ಪಂಚಾಯತು ತನ್ನ ಎಲ್ಲೆಯೊಳಗಿನ ಬರಹದ ಕಲ್ಲು, ಗುಹೆ, ಹಾಳು ಗುಡಿಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಲಿ. ಶಾಸನಗಳನ್ನು ಓದಲು ಕನ್ನಡ ಲಿಪಿ ಬಲ್ಲವರನ್ನು ಇಲಾಖೆ ನೇಮಿಸಲಿ. ಸಿಕ್ಕ ವಸ್ತುಗಳು ತಿರುವನಂತಪುರದ ಕಪಾಟಿಗೆ ಹೋಗಿ ಮರೆಯಾಗದೆ ಜಿಲ್ಲೆಯೊಳಗೆ ಮಕ್ಕಳ ಕಣ್ಣಿಗೆ ಬೀಳುವಲ್ಲಿ ಇರಲಿ. ಮಳೆಗಾಲಕ್ಕೆ ಮುನ್ನ ಇಂಗುಗುಂಡಿ ತೋಡುವ ಕೆಲಸ ಆರಂಭವಾಗುವಾಗ ಮೇಸ್ತ್ರಿಗಳಿಗೂ ಕೂಲಿಯವರಿಗೂ, ಮನೆ ಕಟ್ಟಲು ಪರವಾನಗಿ ಪಡೆಯುವವರಿಗೂ ಎರಡೂ ಭಾಷೆಗಳಲ್ಲಿ ಒಂದು ಪುಟದ ಸೂಚನೆ ಕೊಡಲಿ: ಏನು ಸಿಕ್ಕರೆ ಕೆಲಸ ನಿಲ್ಲಿಸಬೇಕು, ಯಾರಿಗೆ ತಿಳಿಸಬೇಕು, ಯಾವ ದೂರವಾಣಿ ಸಂಖ್ಯೆಗೆ ಕರೆಯಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ. ಬರುವ ಜಿಲ್ಲಾ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ನಮ್ಮ ಶಾಸಕರು ಇದನ್ನು ಪ್ರಸ್ತಾವಿಸುವರೆಂದು ನಿರೀಕ್ಷಿಸುತ್ತೇವೆ.