ಶಾಲೆಯ ಸುದ್ದಿಯನ್ನು ಯಾರು ಬರೆಯಬೇಕು?

"ಸರ್ಕಾರಿ ಹೈಸ್ಕೂಲಲ್ಲಿ ಸುದ್ದಿ ಅಂತ ಏನಿರುತ್ತೆ ಹೇಳಿ ಸಾರ್? ರಿಸಲ್ಟ್ ಬಂದ ದಿನ ಒಂದು ಸುದ್ದಿ. ಮಿಕ್ಕಿದ್ದೆಲ್ಲ ಟೈಂಪಾಸ್."

ತಾಲ್ಲೂಕು ಕೇಂದ್ರದ ಒಂದು ಸಮಾರಂಭದಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹೀಗೆಂದರು. ಅವರು ಶಾಲೆಯ ಬಗ್ಗೆ ಅಸಡ್ಡೆ ಇರುವವರಲ್ಲ. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಲ್ಲಿದ್ದು, ತಮ್ಮೂರಿನ ಶಾಲೆಗೆ ಎರಡು ಕೊಠಡಿ ಮಂಜೂರು ಮಾಡಿಸಲು ಚಪ್ಪಲಿ ಸವೆಸಿದವರು. ಅಂಥವರ ಬಾಯಲ್ಲೇ ಈ ಮಾತು ಬಂದದ್ದರಿಂದ ಅದು ನನ್ನನ್ನು ಬಿಡದೆ ಕಾಡಿತು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ದಿನಕ್ಕೊಂದು ಸುದ್ದಿ ಹುಟ್ಟುತ್ತದೆ. ಅದನ್ನು ಬರೆಯಬೇಕಾದವರು ಅಲ್ಲಿನ ಮಕ್ಕಳು. ಆ ಬರವಣಿಗೆ ಪಾಠದ ನಡುವಿನ ಬಿಡುವಲ್ಲ, ಅದೇ ಪಾಠ.

ಫಲಿತಾಂಶವೊಂದೇ ಸುದ್ದಿ ಎಂದು ನಂಬಿದ್ದರಿಂದ ಆದದ್ದೇನು ನೋಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ನಾವು ಶಾಲೆಯ ಕನ್ನಡಿ ಎಂದು ತಿಳಿದಿದ್ದ ಅಂಕಿ, ಒಂದು ಕ್ಯಾಮೆರಾ ಬಂದು ಕೂತ ಕೂಡಲೇ ಬೇರೆ ಮುಖ ತೋರಿಸಿತು. ತರಗತಿಯೊಳಗೆ ವರ್ಷವಿಡೀ ಏನು ನಡೆಯುತ್ತಿತ್ತು, ಯಾವ ವಿಷಯಕ್ಕೆ ಮೇಷ್ಟ್ರೇ ಇರಲಿಲ್ಲ, ಯಾವ ಪಾಠ ಯಾರಿಗೂ ತಲೆಗೆ ಹತ್ತಲಿಲ್ಲ ಎಂಬುದು ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿತ್ತು. ಅವರನ್ನು ಕೇಳುವವರಿರಲಿಲ್ಲ.

ಈಗ ಶಾಲೆಗಳಲ್ಲಿ ಚಟುವಟಿಕೆಗಳಿಗೇನೂ ಬರವಿಲ್ಲ. ಜೂನ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ, ಆಮೇಲೆ ಪ್ರತಿಭಾ ಕಾರಂಜಿ, ಇಕೋ ಕ್ಲಬ್, ವಿಜ್ಞಾನ ವಸ್ತುಪ್ರದರ್ಶನ, ಕ್ರೀಡಾಕೂಟ, ಸಾಲು ಸಾಲು ಜಯಂತಿಗಳು. ಪ್ರತಿಯೊಂದಕ್ಕೂ ಫೋಟೋ ತೆಗೆಯಬೇಕು, ಇಲಾಖೆಯ ವಾಟ್ಸಾಪ್ ಗುಂಪಿಗೆ ಹಾಕಬೇಕು. ಫೋಟೋ ಹೋದರೆ ಕಾರ್ಯಕ್ರಮ ಆದಂತೆ. ಆ ಫೋಟೋಗಳನ್ನು ಗಮನಿಸಿದ್ದೀರಾ? ಮುಂದೆ ಅತಿಥಿಗಳು, ನಡುವೆ ಬ್ಯಾನರು, ಹಿಂದೆ ಸಾಲಾಗಿ ಮಕ್ಕಳು. ಶಾಲೆಯ ಸುದ್ದಿಯಲ್ಲಿ ಮಕ್ಕಳು ಹಿನ್ನೆಲೆಯಾಗಿಬಿಟ್ಟಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ.

ನನ್ನ ಮಾತಿಗೆ ಎದುರಾಗಿ ನಿಲ್ಲುವ ಗಟ್ಟಿ ವಾದವೊಂದಿದೆ. ಅದನ್ನು ಹಗುರಾಗಿ ತಳ್ಳಿಹಾಕುವವನು ನಾನಲ್ಲ. ಖಾಸಗಿ ಶಾಲೆಯ ಮಗುವಿಗೆ ಮನೆಯಲ್ಲಿ ಪುಸ್ತಕವಿದೆ, ಸಂಜೆ ಟ್ಯೂಷನ್ ಇದೆ, ರಜೆಯಲ್ಲಿ ಬೇಸಿಗೆ ಶಿಬಿರವಿದೆ. ಕೂಲಿಯವರ ಮಗಳಿಗೆ ಇರುವುದು ಶಾಲೆಯ ಆ ಆರು ಗಂಟೆ ಮಾತ್ರ. ಮನೆಗೆ ಹೋದರೆ ನೀರು ಹೊರಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯೇ ಅವಳ ಪಾಲಿಗೆ ಊರಾಚೆಯ ರಸ್ತೆ. ಆ ಗಂಟೆಗಳಲ್ಲೂ ಪಾಲು ಕೇಳುವುದು ನ್ಯಾಯವೇ? ಮೇಷ್ಟ್ರುಗಳ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಖಾಲಿ ಹುದ್ದೆಗಳು, ಅತಿಥಿ ಶಿಕ್ಷಕರು, ಬಿಸಿಯೂಟದ ಲೆಕ್ಕ, ಚುನಾವಣಾ ಕೆಲಸ, ಆನ್‌ಲೈನ್ ಮಾಹಿತಿ ತುಂಬುವುದು. ಇಷ್ಟರ ಮೇಲೆ ಮಕ್ಕಳ ಪತ್ರಿಕೆ ಬೇರೆಯೇ ಎಂದು ಕೇಳುವ ಶಿಕ್ಷಕಿಯ ದಣಿವು ಸುಳ್ಳಲ್ಲ.

ಈ ವಾದಕ್ಕೆ ನನ್ನ ಉತ್ತರವನ್ನು ಒಂದು ಗೋಡೆಯ ಮೇಲೆ ಕಂಡೆ. ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ಪ್ರೌಢಶಾಲೆಗೆ ಹೋಗಿ ಬರುತ್ತಿದ್ದಾಗ ಅಲ್ಲಿನ ಕನ್ನಡ ಶಿಕ್ಷಕಿ ಹದಿನೈದು ದಿನಕ್ಕೊಮ್ಮೆ ಗೋಡೆ ಪತ್ರಿಕೆ ಮಾಡಿಸುತ್ತಿದ್ದರು. ಒಂದು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಗೋಂದು, ಇಷ್ಟೇ ಬಂಡವಾಳ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದು ತಂದ ಮೊದಲ ಸಾಲು ಹೀಗಿತ್ತು: "ನಮ್ಮ ಶಾಲೆಯಲ್ಲಿ ನೀರಿನ ಸಮಸ್ಯೆ ಬಹಳವಿದೆ." ಪ್ರಬಂಧ ಸ್ಪರ್ಧೆಗೆ ಕಲಿಸಿಕೊಟ್ಟ ವಾಕ್ಯ ಅದು, ಯಾವ ಶಾಲೆಗೆ ಬೇಕಾದರೂ ಹೊಂದುತ್ತದೆ. ಶಿಕ್ಷಕಿ ಹಾಳೆಯನ್ನು ಹಿಂದಕ್ಕೆ ಕೊಟ್ಟು, "ಬಹಳ ಅಂದ್ರೆ ಎಷ್ಟಮ್ಮ? ಎಣಿಸಿಕೊಂಡು ಬಾ" ಅಂದರು. ಹುಡುಗಿ ಹೋದಳು. ಬರುವಾಗ ಅಂಗೈಯಲ್ಲಿ ಪೆನ್ನಿನಿಂದ ಗುರುತು ಹಾಕಿಕೊಂಡಿದ್ದಳು. ಎರಡನೇ ಸಲ ಬರೆದ ಸಾಲು ಇದು: "ಶಾಲೆಯಲ್ಲಿ ಒಟ್ಟು ಆರು ನಲ್ಲಿಗಳಿವೆ. ಎರಡರಲ್ಲಿ ನೀರು ಬರುತ್ತದೆ. ಊಟದ ಹೊತ್ತಿನಲ್ಲಿ ತಟ್ಟೆ ತೊಳೆಯಲು ಸಾಲು ನಿಂತು ನಾನು ಹನ್ನೆರಡು ನಿಮಿಷ ಕಾದೆ."

ಈ ಎರಡು ಬರಹಗಳ ನಡುವಿನ ದೂರವೇ ಶಿಕ್ಷಣ. ನೋಡುವುದು, ಎಣಿಸುವುದು, ಕಂಡದ್ದನ್ನಷ್ಟೇ ಹೇಳುವುದು, ಹೇಳಿದ್ದಕ್ಕೆ ತನ್ನ ಹೆಸರು ಬರೆಯುವುದು. ವಿಜ್ಞಾನದ ಮೇಷ್ಟ್ರು ವೀಕ್ಷಣೆ ಎನ್ನುವುದು, ಗಣಿತದವರು ದತ್ತಾಂಶ ಎನ್ನುವುದು, ಸಮಾಜದವರು ನಾಗರಿಕ ಪ್ರಜ್ಞೆ ಎನ್ನುವುದು ಮೂರೂ ಆ ಅಂಗೈಯಲ್ಲಿದ್ದವು. ಹುಡುಗಿಯ ಓದಿನ ಹೊತ್ತಿನಲ್ಲಿ ನಾವು ಪಾಲು ಕೇಳಲಿಲ್ಲ. ಅವಳ ಓದಿಗೆ ಕೈಕಾಲು ಬಂತು.

ಇದು ಹೊಸ ಶೋಧವೇನಲ್ಲ. ನೂರು ವರ್ಷಗಳ ಹಿಂದೆ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ಸರ್ಕಾರಿ ಶಾಲೆಗೆ ಸೆಲೆಸ್ಟೀನ್ ಫ್ರೆನೆ ಎಂಬ ತರುಣ ಮೇಷ್ಟ್ರು ಬಂದ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಅವನಿಗೆ ಹೆಚ್ಚು ಹೊತ್ತು ಗಟ್ಟಿಯಾಗಿ ಮಾತಾಡಲು ಆಗುತ್ತಿರಲಿಲ್ಲ. ಪಾಠ ಮಾಡಲು ಉಸಿರು ಸಾಲದ ಮೇಷ್ಟ್ರು ಮಕ್ಕಳ ಮಾತು ಕೇಳತೊಡಗಿದ. ಅವರನ್ನು ಹೊಲದ ಕಡೆ, ಕಸುಬುದಾರರ ಅಂಗಡಿಯ ಕಡೆ ಕರೆದುಕೊಂಡು ಹೋದ. ತಿರುಗಿ ಬಂದು ಕಂಡದ್ದನ್ನು ಬರೆಸಿದ. 1924ರ ಹೊತ್ತಿಗೆ ಒಂದು ಪುಟ್ಟ ಕೈ ಮುದ್ರಣಯಂತ್ರ ತಂದು ತರಗತಿಯಲ್ಲೇ ಇಟ್ಟ. ಮಕ್ಕಳು ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ ತಮ್ಮ ಬರಹ ತಾವೇ ಮುದ್ರಿಸಿದರು. ದೂರದ ಬ್ರಿಟಾನಿಯ ಕಡಲ ತೀರದ ಶಾಲೆಗೆ ಅದನ್ನು ಕಳಿಸಿದರು, ಅಲ್ಲಿಂದ ಅವರ ಬರಹ ತರಿಸಿಕೊಂಡು ಓದಿದರು. ಬೆಟ್ಟದ ಮಕ್ಕಳಿಗೆ ಕಡಲಿನ ಮಕ್ಕಳು ಪಠ್ಯಪುಸ್ತಕವಾದರು. ಓದುವವರಿದ್ದಾರೆ ಎಂದು ಗೊತ್ತಾದ ಮೇಲೆ ಮಗು ಕಾಗುಣಿತವನ್ನು ತಾನಾಗಿಯೇ ತಿದ್ದಿಕೊಳ್ಳುತ್ತದೆ. ಫ್ರೆನೆಯ ಪದ್ಧತಿಯ ಜೀವಾಳವೇ ಇದು.

ಫ್ರೆನೆಯ ಕಥೆಯಲ್ಲಿ ಮುಳ್ಳೂ ಇದೆ. ಮುಂದೆ ಅವನು ಸೇಂಟ್ ಪಾಲ್ ಎಂಬ ಊರಿನ ಶಾಲೆಯಲ್ಲಿದ್ದಾಗ ಮಗುವೊಂದು ತನ್ನ ಕನಸನ್ನು ಬರೆಯಿತು. ಮೇಯರನ ವಿರುದ್ಧ ಮಕ್ಕಳು ತಿರುಗಿಬಿದ್ದ ಕನಸು ಅದು. ಆ ಬರಹವನ್ನೇ ವಿರೋಧಿಗಳು 1932ರಲ್ಲಿ ಊರ ಗೋಡೆಗಳಿಗೆ ಅಂಟಿಸಿ ಗಲಾಟೆ ಎಬ್ಬಿಸಿದರು. ಕೊನೆಗೆ ಫ್ರೆನೆ ಆ ಶಾಲೆ ಬಿಡಬೇಕಾಯಿತು. ಮಕ್ಕಳ ಕೈಗೆ ಸುದ್ದಿ ಕೊಟ್ಟರೆ ದೊಡ್ಡವರಿಗೆ ಇರಿಸುಮುರಿಸಾಗುವುದು ಖಂಡಿತ. ನಾನು ಹೇಳಿದ ಹಳ್ಳಿಯಲ್ಲೂ ಆರು ನಲ್ಲಿಗಳ ಸುದ್ದಿ ಗೋಡೆಗೆ ಬಂದ ದಿನ "ಶಾಲೆ ಮಾನ ಹೋಯಿತು" ಎಂಬ ಮಾತು ಬಂತು. ಮಾನ ಹೋಗುವುದು ನೀರು ಬಾರದ ನಲ್ಲಿಯಿಂದ. ಅದನ್ನು ಎಣಿಸಿದ ಹುಡುಗಿಯಿಂದ ಅಲ್ಲ. ಮಕ್ಕಳಿಗೆ ರಾಜಕೀಯ ಯಾಕೆ ಎಂದು ಕೇಳುವವರು, ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಜನಪ್ರತಿನಿಧಿಗಳಿಗೆ ಹೂಗುಚ್ಛ ಕೊಡಿಸುವಾಗ ಆ ಪ್ರಶ್ನೆ ಕೇಳುವುದಿಲ್ಲ.

ನಮ್ಮ ನೆಲದಲ್ಲೇ ಇದಕ್ಕೆ ಮೇಲ್ಪಂಕ್ತಿಯಿದೆ. 1990ರ ಸುಮಾರಿಗೆ ಕರ್ನಾಟಕದ ದುಡಿಯುವ ಮಕ್ಕಳು 'ಭೀಮ ಸಂಘ' ಕಟ್ಟಿಕೊಂಡರು, 'ಭೀಮ ಪತ್ರಿಕೆ' ಎಂಬ ಗೋಡೆ ಪತ್ರಿಕೆ ಅವರ ದನಿಯಾಯಿತು. ಓದಿನಿಂದ ದೂರವಾದ ಮಕ್ಕಳಿಗೆ ಸಾಧ್ಯವಾದದ್ದು ಹೈಸ್ಕೂಲಿನ ಮಕ್ಕಳಿಗೆ ಯಾಕೆ ಆಗಬಾರದು? ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮ ಸಭೆ ನಡೆಸಬೇಕೆಂಬ ನಿಯಮವೂ ನಮ್ಮಲ್ಲಿದೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಕ್ಕಳಿಗಿದೆ ಎನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1992ರಲ್ಲಿ. ಕಾಗದದ ಮೇಲೆ ನಮಗೇನೂ ಕೊರತೆಯಿಲ್ಲ.

ಕಾಗದದಾಚೆಗೆ ಏನಿದೆ ಎಂಬುದಕ್ಕೆ ಕರಾವಳಿ, ಮಲೆನಾಡಿನಲ್ಲಿ ಹಳ್ಳ ದಾಟುವ ಕಿರುಸೇತುವೆಗಳಾದ ಕಾಲುಸಂಕಗಳನ್ನು ನೆನೆಯಿರಿ. 2022ರ ಮಳೆಗಾಲದಲ್ಲಿ ಬೈಂದೂರು ಭಾಗದಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಬಿದ್ದು ಹಳ್ಳದ ಪಾಲಾದಳು. ಆಗ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಆದರೆ ಯಾವ ಸಂಕ ಪಾಚಿಗಟ್ಟಿ ಜಾರುತ್ತದೆ, ಯಾವುದಕ್ಕೆ ಹಿಡಿಗಂಬಿಯಿಲ್ಲ ಎಂಬುದು ದಿನಾ ಅದರ ಮೇಲೆ ಹೆಜ್ಜೆಯಿಡುವ ಮಕ್ಕಳಿಗೆ ಗೊತ್ತಿರುತ್ತದೆ. ಸಾವು ಸುದ್ದಿಯಾಗುವ ಮೊದಲು ಸಂಕ ಸುದ್ದಿಯಾಗಬೇಕು. ಅದನ್ನು ಬರೆಯಬಲ್ಲವರು ಅದನ್ನು ದಾಟುವವರು. ಇಂಥ ಬರಹವನ್ನು ಯಾರಾದರೂ ಟೈಂಪಾಸ್ ಎಂದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಆಕ್ಷೇಪಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಚಟುವಟಿಕೆ ಎಂಬುದು ಬಹುಪಾಲು ಪ್ರದರ್ಶನವಾಗಿದೆ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್‌ನಿಂದ ಜಿಲ್ಲೆಯವರೆಗೂ ಅದೇ ನಾಲ್ಕು ಮಕ್ಕಳು, ಮೇಷ್ಟ್ರು ಬರೆದುಕೊಟ್ಟ ಅದೇ ಭಾಷಣ. ಕೊನೇ ಬೆಂಚಿನವರು ಚಪ್ಪಾಳೆಗೆ ಮೀಸಲು. ಶಾಲಾ ಸಂಸತ್ತಿನಲ್ಲಿ ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಪ್ರಮಾಣವಚನ ಎಲ್ಲ ಚೆಂದವಾಗಿ ನಡೆಯುತ್ತದೆ. ಆಮೇಲೆ ಆಹಾರ ಮಂತ್ರಿಯನ್ನು ಯಾರೂ ಏನೂ ಕೇಳುವುದಿಲ್ಲ, ಅವನೂ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾನೆ. ಪತ್ರಿಕೆ ಬೇಕಾಗುವುದು ಇದಕ್ಕೇ. ಸಾರಿನಲ್ಲಿ ತರಕಾರಿ ಯಾಕೆ ಕಡಿಮೆಯಾಯಿತು ಎಂದು ಗೋಡೆಯ ಮೇಲೆ ಕೇಳಿದರೆ ಮಂತ್ರಿ ಮುಖ್ಯೋಪಾಧ್ಯಾಯರ ಬಳಿ, ಅಡುಗೆಯಮ್ಮನ ಬಳಿ ಹೋಗಿ ವಿಚಾರಿಸಬೇಕಾಗುತ್ತದೆ. ತರಕಾರಿಯ ಬೆಲೆ ಏರಿದ್ದು, ಅನುದಾನ ಏರದಿದ್ದದ್ದು ಅವನಿಗೆ ತಿಳಿಯುತ್ತದೆ. ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಆಗ ಚುನಾವಣೆ ಆಟವಾಗಿ ಉಳಿಯುವುದಿಲ್ಲ. ವೇದಿಕೆ ನಾಲ್ವರದು, ಗೋಡೆ ಎಲ್ಲರದು.

ಹಾಗಾಗಿ ನಾನು ಕೇಳುವುದು ಬಹಳ ಸಣ್ಣದು. ಪ್ರತಿ ಹೈಸ್ಕೂಲಿನಲ್ಲೂ ಹದಿನೈದು ದಿನಕ್ಕೊಂದು ಹಾಳೆ. ಪಾಳಿಯ ಪ್ರಕಾರ ಎಲ್ಲ ಮಕ್ಕಳೂ ಬರೆಯಲಿ, ಬರಹ ಚೆನ್ನಾಗಿರುವವರು ಮಾತ್ರ ಅಲ್ಲ. ಶಿಕ್ಷಕರು ಕಾಗುಣಿತ ತಿದ್ದಲಿ, ಲೆಕ್ಕ ಸರಿಯಿದೆಯೇ ಎಂದು ಕೇಳಲಿ. ಯಾರನ್ನೂ ನೋಯಿಸುವ ಚಾಡಿ ಬಾರದಂತೆ ಕಾಯಲಿ. ಅಷ್ಟರಾಚೆಗೆ ಮಕ್ಕಳ ಅಭಿಪ್ರಾಯಕ್ಕೆ ಕತ್ತರಿ ಹಾಕದಿರಲಿ. ಮುಖ್ಯೋಪಾಧ್ಯಾಯರಿಗೆ ಒಪ್ಪಿಗೆಯಾಗದಿದ್ದರೆ ಅದೇ ಹಾಳೆಯಲ್ಲಿ ತಮ್ಮ ಉತ್ತರ ಬರೆಯಲಿ. ಅದರಿಂದ ಅವರ ಗೌರವ ಹೆಚ್ಚುತ್ತದೆ.

ಆರು ನಲ್ಲಿಗಳ ಸುದ್ದಿ ಬಂದ ಎರಡು ವಾರಕ್ಕೆ ನಾನು ಮತ್ತೆ ಆ ಶಾಲೆಗೆ ಹೋಗಿದ್ದೆ. ಹೊಸ ಹಾಳೆ ಅಂಟಿಸಿದ್ದರು. ನಲ್ಲಿಗಳೇನೂ ಇನ್ನೂ ರಿಪೇರಿಯಾಗಿರಲಿಲ್ಲ. ಆದರೆ ಹಾಳೆಯ ಕೆಳಗಡೆ, ಚೌಕ ಹಾಕಿದ ಜಾಗದಲ್ಲಿ, ಅದೇ ಹುಡುಗಿಯ ಅಕ್ಷರವಿತ್ತು. ಪರೀಕ್ಷೆಯಲ್ಲಿ ಮಗು ತಪ್ಪು ಮಾಡಿದರೆ ಕೆಂಪು ಗೀಟು ಬೀಳುತ್ತದೆ, ಅಂಕ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲಿ ಯಾರೂ ಗೀಟು ಹಾಕಿರಲಿಲ್ಲ. ಅವಳಾಗಿಯೇ ಬರೆದಿದ್ದಳು: "ತಿದ್ದುಪಡಿ: ಹೋದ ಸಲ ಆರು ನಲ್ಲಿ ಎಂದು ಬರೆದಿದ್ದೆ. ಸೈಕಲ್ ಸ್ಟ್ಯಾಂಡಿನ ಹಿಂದೆ ಇನ್ನೊಂದಿದೆ. ಒಟ್ಟು ಏಳು. ಅದರಲ್ಲೂ ನೀರು ಬರುವುದಿಲ್ಲ." ಕೆಳಗೆ ತನ್ನ ಹೆಸರು, ತರಗತಿ, ದಿನಾಂಕ.