ಮನೆವಾರ್ತೆ: ಮಾವನವರ ಜೀಪು

ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ ಸೋದರಿಯೊಬ್ಬರು ಹೋದ ತಿಂಗಳು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವರು. ಅವರ ಮಾವನವರು 1994ರಲ್ಲಿ ಹೊಸದಾಗಿ ಕೊಂಡ ಡೀಸೆಲ್ ಜೀಪೊಂದು ಮನೆಯಲ್ಲಿರುವುದು. ತೆಂಗಿನ ತೋಟಕ್ಕೂ ಮಂಡಿಗೂ, ಸಂತೆಗೂ ಆಸ್ಪತ್ರೆಗೂ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಅದೇ ಓಡಾಡಿತು. ಎರಡು ತಿಂಗಳ ಹಿಂದೆ ಮಾವನವರು ಕಾಲವಾದರು. ಯಜಮಾನರು ಅದನ್ನು ಮಾರಿ ಹೊಸ ಗಾಡಿಯನ್ನು ಕೊಳ್ಳಬೇಕೆನ್ನುವರು. ಅತ್ತೆಯವರಾದರೋ, "ಅದು ಅವರು ಸಾಕಿದ ಎತ್ತು; ನಾನಿರುವವರೆಗೆ ಗುಜರಿಯವನಿಗೆ ಹಗ್ಗ ಕೊಡುವುದಿಲ್ಲ" ಎಂದು ಹಟ ಹಿಡಿದಿರುವರಂತೆ. ಪತ್ರ ಬರೆದ ಸೋದರಿ ತಾವೇ ಆ ಜೀಪನ್ನು ನಡೆಸಬಲ್ಲವರು. ಮಕ್ಕಳಿಬ್ಬರನ್ನು ಗುಬ್ಬಿಯ ಶಾಲೆಗೆ ಕರೆದೊಯ್ಯುವುದೂ ಅದರಲ್ಲಿಯೇ. ಈ ಗಾಡಿಯನ್ನು ಇನ್ನೆಷ್ಟು ದಿನ ನಂಬಬಹುದು, ಗಂಡ ಹೇಳುವುದು ಸರಿಯೋ ಅತ್ತೆ ಹೇಳುವುದು ಸರಿಯೋ ಎಂಬುದು ಅವರ ಪ್ರಶ್ನೆ.

ಗಂಡನಿಗೂ ಅತ್ತೆಗೂ ನಡುವೆ ತೀರ್ಪು ಹೇಳುವ ಸಾಹಸಕ್ಕೆ ನಾವು ಕೈಹಾಕೆವು. ಆದರೆ 1991ರಿಂದ ಇಂತಹದೇ ಒಂದು ಗಾಡಿಯನ್ನು ತುಮಕೂರಿನ ನಮ್ಮ ಮನೆಯ ಮುಂದೆ ನಿಲ್ಲಿಸಿಕೊಂಡು, ಕುಣಿಗಲಿನ ಆಚೆಯ ನಮ್ಮ ತೋಟಕ್ಕೆ ಅದರಲ್ಲಿಯೇ ಹೋಗಿಬರುತ್ತಿರುವವರಾದ ಕಾರಣ, ಅನುಭವದಿಂದ ತಿಳಿದುದನ್ನು ಹೇಳಬಲ್ಲೆವು.

ಜೀಪು ಹುಟ್ಟಿದ್ದು ಸಂಸಾರಿಗಳಿಗಾಗಿ ಅಲ್ಲ. 1940ರಲ್ಲಿ ಅಮೆರಿಕದ ಸೈನ್ಯದವರು, ಕುದುರೆಯೂ ಮೋಟಾರು ಸೈಕಲ್ಲೂ ಮಾಡುತ್ತಿದ್ದ ಕೆಲಸವನ್ನು ಮಾಡಬಲ್ಲ ಹಗುರವಾದ ಗಾಡಿಯೊಂದು ಬೇಕೆಂದು ಕೇಳಿದರು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಗಿಲಾದ ಜೀಪುಗಳನ್ನು ಮಾಡಿಕೊಟ್ಟವು. ಟಿಪ್ಪೂ ಸುಲ್ತಾನನ ಕಾಲದಿಂದಲೂ ದಂಡಿಗೆ ಕುದುರೆ ಬೆಳೆಸಿದ ಸ್ಥಳವೆಂದು ಹೆಸರಾದ ಕುಣಿಗಲಿನ ಕುದುರೆ ಫಾರಮ್ಮಿನ ಬೇಲಿಯ ಪಕ್ಕದಲ್ಲಿ ಜೀಪು ನಡೆಸಿಕೊಂಡು ಹೋಗುವಾಗಲೆಲ್ಲ ನಮಗೆ ಈ ಸಂಗತಿಯು ನೆನಪಾಗುವುದುಂಟು. ಯುದ್ಧಾನಂತರ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿ, ಕ್ರಮೇಣ ಇಲ್ಲಿಯೇ ತಯಾರಿಸಿದರು. 1980ರ ದಶಕದಲ್ಲಿ ಪ್ಯೂಜೋ ವಿನ್ಯಾಸದ 2112 ಸಿ.ಸಿ. ಡೀಸೆಲ್ ಎಂಜಿನು ಬಂದಿತು. ಎಂಜಿನು ಬದಲಾದರೂ ಏಣಿಯಂತಿರುವ ಚಾಸಿ, ಸ್ಪ್ರಿಂಗಿನ ಪಟ್ಟಿಗಳು, ಮುಂದಿನ ಮತ್ತು ಹಿಂದಿನ ಗಟ್ಟಿ ಆಕ್ಸಲುಗಳು ಬಹುಮಟ್ಟಿಗೆ ಹಳೆಯ ಕ್ರಮದಲ್ಲಿಯೇ ಉಳಿದುವು.

ಈ ಹಳೆಯ ಕ್ರಮದಲ್ಲಿಯೇ ಅದರ ಆಯುಷ್ಯದ ಗುಟ್ಟು ಅಡಗಿರುವುದು. ಜೀಪು ಕೆಡುವುದೇ ಇಲ್ಲವೆಂದು ಹೊಗಳುವವರನ್ನು ನಾವು ಕಂಡಿರುವೆವು; ಅವರಲ್ಲಿ ಹೆಚ್ಚಿನವರು ಜೀಪನ್ನು ಇಟ್ಟುಕೊಂಡವರಲ್ಲ. ನಮ್ಮದು ಬೇಕಾದಷ್ಟು ಸಲ ಕೆಟ್ಟಿರುವುದು. ಕ್ಲಚ್ ಪ್ಲೇಟು ಸವೆದಿದೆ, ರೇಡಿಯೇಟರು ಸೋರಿದೆ, ಸ್ಪ್ರಿಂಗಿನ ಪಟ್ಟಿ ಹೆಬ್ಬೂರಿನ ಬಳಿ ನಡುದಾರಿಯಲ್ಲಿ ಮುರಿದಿದೆ. ಆದರೆ ಒಂದು ಸಲವಾದರೂ, ಇದನ್ನು ಸರಿಮಾಡುವವರು ಯಾರು ಎಂದು ನಾವು ಕಂಗೆಟ್ಟದ್ದಿಲ್ಲ. ಅನೇಕ ವರ್ಷಗಳ ಕಾಲ ಒಂದೇ ಬಗೆಯ ಭಾಗಗಳು ತಯಾರಾದುದರಿಂದ ಅವು ಸಣ್ಣ ಊರಿನ ಅಂಗಡಿಗೂ ಬಂದು ಸೇರಿದುವು. ತಾಲ್ಲೂಕಿಗೆ ನಾಲ್ವರಾದರೂ ಅದರ ಮರ್ಮ ಬಲ್ಲ ಮೇಸ್ತ್ರಿಗಳಾದರು. ಡೀಸೆಲನ್ನು ಎಂಜಿನಿಗೆ ಒತ್ತುವ ಪಂಪು ಹಲ್ಲುಚಕ್ರಗಳಿಂದ ನಡೆಯತಕ್ಕದ್ದು, ಅದಕ್ಕೆ ಕಂಪ್ಯೂಟರಿನ ಹಂಗಿಲ್ಲ. ಕೊಬ್ಬರಿ ಅಟ್ಟದ ಇಲಿಗಳು ಇಳಿದು ಬಂದರೂ ಕಡಿಯಲು ಅವಕ್ಕೆ ಸಿಕ್ಕುವ ತಂತಿಗಳು ನಾಲ್ಕಾರು ಮಾತ್ರ. ಈಗಿನ ಗಾಡಿಗಳು ಕೆಡುವುದು ಕಡಮೆಯೆಂಬುದು ನಿಜ; ಕೆಟ್ಟಾಗ ರೋಗವನ್ನು ಕಂಡುಹಿಡಿಯಲು ಯಂತ್ರವೊಂದನ್ನು ಚುಚ್ಚಿ ನೋಡಬೇಕು, ಆ ಯಂತ್ರವು ಎಲ್ಲ ಊರುಗಳಲ್ಲಿಯೂ ಇರದು.

ಆದುದರಿಂದ ಸೋದರಿಯವರು ಮೊದಲು ವಿಚಾರಿಸಬೇಕಾದುದು ಗಾಡಿಯ ವಯಸ್ಸನ್ನಲ್ಲ. ಮಾವನವರು ಅದನ್ನು ಯಾವ ಮೇಸ್ತ್ರಿಯ ಬಳಿ ಬಿಡುತ್ತಿದ್ದರು, ಆತನು ಈಗಲೂ ಕೆಲಸ ಮಾಡುತ್ತಿರುವನೇ, ಆತನ ತರುವಾಯ ಯಾರು ಎಂಬುದನ್ನು ಮೊದಲು ತಿಳಿಯತಕ್ಕದ್ದು. ಕುಣಿಗಲಿನ ನಮ್ಮ ಮೇಸ್ತ್ರಿಯವರಿಗೆ ಎಪ್ಪತ್ತು ದಾಟಿತು. ಅವರ ಮಗ ಬೆಂಗಳೂರಿನಲ್ಲಿ ಬೇರೆ ಉದ್ಯೋಗದಲ್ಲಿರುವನು. ನಮ್ಮ ಜೀಪಿನ ಭವಿಷ್ಯದ ಬಗ್ಗೆ ನಮಗೆ ಚಿಂತೆ ಹುಟ್ಟುವುದಾದರೆ ಈ ಒಂದು ಕಾರಣದಿಂದಲೇ.

ನಾಲ್ಕು ಚಕ್ರಗಳ ಎಳೆತದ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಿರುವುದರಿಂದ ಅದನ್ನು ಸ್ವಲ್ಪ ವಿವರಿಸುವೆವು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರವನ್ನು ಕ್ರಮಿಸುವುವು. ಹಳೆಯ ಜೀಪಿನಲ್ಲಿ ಲಿವರನ್ನು ಎಳೆದೊಡನೆ ಮುಂದಿನ ಆಕ್ಸಲೂ ಹಿಂದಿನ ಆಕ್ಸಲೂ ಒಂದಕ್ಕೊಂದು ಕಟ್ಟಿಹಾಕಿದಂತಾಗುವುವು. ಈ ವ್ಯತ್ಯಾಸವನ್ನು ಸರಿದೂಗಿಸುವ ಸಾಧನವು ನಡುವೆ ಇಲ್ಲ. ಕೆಸರಿನಲ್ಲಿಯೋ ಸಡಿಲ ಮಣ್ಣಿನಲ್ಲಿಯೋ ಚಕ್ರವು ಕೊಂಚ ಜಾರಿ ಸರಿಹೋಗುವುದು. ಒಣಗಿದ ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದುದರಿಂದ ಆ ಬಿಗಿಯೆಲ್ಲವೂ ಗೇರುಗಳ ಮೇಲೂ ಟೈರುಗಳ ಮೇಲೂ ಬೀಳುವುದು, ಲಿವರು ಕಚ್ಚಿಕೊಳ್ಳುವುದು. ಗುಬ್ಬಿಯಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ನಾಲ್ಕು ಚಕ್ರಗಳನ್ನೂ ಕೂಡಿಸಿಕೊಂಡು ಬಂದವನು ಹೆಚ್ಚಿನ ಭದ್ರತೆಯನ್ನು ಪಡೆಯಲಿಲ್ಲ. ರಿಪೇರಿಯ ಖರ್ಚನ್ನು ಪಡೆದನು. ಇದೇ ಕಾರಣದಿಂದ ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಬೇಕು. ಎರಡನ್ನು ಹೊಸದಾಗಿ ಹಾಕಿಸಿ, ಎರಡನ್ನು ಮುಂದಿನ ವರ್ಷಕ್ಕೆ ನೋಡೋಣವೆನ್ನುವ ಜಿಪುಣತನವು ಇಲ್ಲಿ ನಡೆಯದು.

ಹಾಗೆಂದು ಲಿವರನ್ನು ಮುಟ್ಟದೆಯೇ ಬಿಡುವುದೂ ತಪ್ಪು. ತಿಂಗಳಿಗೊಮ್ಮೆ ತೋಟದ ಮಣ್ಣುದಾರಿಯಲ್ಲಿಯೋ ಹೇಮಾವತಿ ನಾಲೆಯ ಪಕ್ಕದ ಕಚ್ಚಾ ದಾರಿಯಲ್ಲಿಯೋ ಸ್ವಲ್ಪ ದೂರ ನಾಲ್ಕು ಚಕ್ರಗಳನ್ನೂ ಕೂಡಿಸಿ ನಡೆಸಿದರೆ ಒಳಗಿನ ಎಣ್ಣೆಯು ಎಲ್ಲ ಕಡೆಗೂ ಹರಿಯುವುದು. ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದು ಕಾಯಿಸದೆ, ಸಣ್ಣ ಗೇರಿನಲ್ಲಿ ಎಂಜಿನಿನ ತಡೆಯಿಂದಲೇ ಇಳಿಯುವುದನ್ನು ಅಭ್ಯಾಸಮಾಡಿಕೊಳ್ಳಬೇಕು.

ಈಗ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿರುವುದು. ಇದನ್ನು ಬರೆಯಲು ನಾವು ಎರಡು ದಿನ ಹಿಂದೆಮುಂದೆ ನೋಡಿದೆವು.

2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಕೆರೆಗಳು ತುಂಬಿ ಕೋಡಿ ಬಿದ್ದುದು ವಾಚಕರಿಗೆ ನೆನಪಿರಬಹುದು. ತೋಟದಿಂದ ಹಿಂದಿರುಗುವಾಗ ಹಳ್ಳಿಯ ಕೆರೆಯ ಕೋಡಿಯ ನೀರು ದಾರಿಯ ಮೇಲೆ ಮೊಳಕಾಲುದ್ದ ಹರಿಯುತ್ತಿದ್ದಿತು. ಜೀಪಿನ ಹಿಂಭಾಗದ ಅಡ್ಡ ಬೆಂಚಿನ ಮೇಲೆ ನಮ್ಮ ಮನೆಯವರೂ ಆರು ವರ್ಷದ ಮೊಮ್ಮಗಳೂ ಕುಳಿತಿದ್ದರು. ಈಚೆ ದಡದಲ್ಲಿ ಕಾರುಗಳು ನಿಂತಿದ್ದುವು. ನಮ್ಮದು ಜೀಪಲ್ಲವೇ ಎಂಬ ಗರ್ವದಿಂದ ನಾವು ಇಳಿಸಿಯೇ ಬಿಟ್ಟೆವು. ಗಾಡಿಯು ಸಲೀಸಾಗಿ ದಾಟಿತು; ಈಚೆಯವರು ನೋಡುತ್ತಿರುವರೆಂಬ ಸಂತೋಷವೂ ಆಯಿತು. ಆಚೆಗೆ ಸ್ವಲ್ಪ ಇಳಿಜಾರು, ಕೆಳಗೆ ಕುರಿಗಳ ಹಿಂಡು. ಬ್ರೇಕನ್ನು ಒತ್ತಿದರೆ ಹಿಡಿಯಲೇ ಇಲ್ಲ. ಡ್ರಮ್ಮಿನೊಳಗೆ ನೀರು ಹೊಕ್ಕು ಬ್ರೇಕಿನ ಪಟ್ಟಿಗಳು ನೆಂದಿದ್ದುವು. ದಾರಿಯ ಪಕ್ಕದ ಮಣ್ಣಿನ ದಿಣ್ಣೆಗೆ ಗಾಡಿಯನ್ನು ತಿರುಗಿಸಿ ಗುದ್ದಿ ನಿಲ್ಲಿಸಿದೆವು. ಕುರಿಗಳು ಉಳಿದುವು. ಮಗುವು ಬೆಂಚಿನಿಂದ ಹಾರಿ ಕಬ್ಬಿಣದ ಕಂಬಿಗೆ ಬಡಿಯಿತು. ಹಣೆಗೆ ನಾಲ್ಕು ಹೊಲಿಗೆಗಳು ಬಿದ್ದುವು. ಜೀಪಿಗೆ ಬಂಪರು ಕೂಡ ಬಾಗಿರಲಿಲ್ಲ. ಮೇಸ್ತ್ರಿಯವರು ಗಾಡಿಯ ಸುತ್ತ ಒಂದು ಸಲ ತಿರುಗಿ ಬಂದು, "ಇದಕ್ಕೇನೂ ಆಗಿಲ್ಲ ಸ್ವಾಮಿ, ಮಗೂನ ನೋಡ್ಕೊಳ್ಳಿ" ಎಂದಷ್ಟೇ ಹೇಳಿದರು.

ಗಾಡಿಯು ಗಟ್ಟಿಯಾಗಿರುವುದೂ ಒಳಗೆ ಕುಳಿತವರು ಕ್ಷೇಮವಾಗಿರುವುದೂ ಬೇರೆ ಬೇರೆ ಸಂಗತಿಗಳೆಂದು ಆ ದಿನ ನಮಗೆ ಅರಿವಾಯಿತು. ನೀರು ದಾಟಿದ ಮೇಲೆ ನಿಧಾನವಾಗಿ ನಡೆಸುತ್ತ, ಬ್ರೇಕನ್ನು ಮೆಲ್ಲಗೆ ಅನೇಕ ಸಲ ಒತ್ತಿ ಒಣಗಿಸಿಕೊಳ್ಳಬೇಕೆಂಬುದು ನಮಗೆ ಗೊತ್ತಿತ್ತು; ನೆನಪಾಗಲಿಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಹರಿಯುವ ನೀರಿಗೆ ಇಳಿಯಲೇ ಕೂಡದಾಗಿತ್ತು. ಎರಡಡಿ ಹರಿಯುವ ನೀರು ಹೆಚ್ಚಿನ ಗಾಡಿಗಳನ್ನು ತೇಲಿಸಿಕೊಂಡು ಹೋಗಬಲ್ಲುದು. ಚಕ್ರವು ನೆಲವನ್ನು ಬಿಟ್ಟ ಮೇಲೆ ನಾಲ್ಕು ಚಕ್ರಗಳ ಎಳೆತದಿಂದ ಏನು ಪ್ರಯೋಜನ?

ಇದಾದ ಎರಡು ವಾರಗಳ ಮೇಲೆ ಆಕ್ಸಲಿನ ಎಣ್ಣೆಯನ್ನು ಬಿಚ್ಚಿಸಿದಾಗ ಅದು ಕಡೆದ ಮಜ್ಜಿಗೆಯಂತೆ ಬೆಳ್ಳಗಾಗಿದ್ದಿತು. ನೀರು ಸೇರಿದ ಗುರುತು ಅದು. ಹಾಗೆಯೇ ಬಿಟ್ಟಿದ್ದರೆ ಬೇರಿಂಗುಗಳು ತುಕ್ಕು ಹಿಡಿದು ಹೋಗುತ್ತಿದ್ದುವು. ತುಕ್ಕಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳುವೆವು: ತೋಟದ ಜೀಪನ್ನು ಕೊಲ್ಲುವುದು ಓಟವಲ್ಲ, ಯೂರಿಯಾ ಚೀಲ ಮತ್ತು ಸಂತೆಯ ಕರುವಿನ ಗಂಜಲ. ಗೊಬ್ಬರ ಹೇರಿದ ದಿನ ಸಂಜೆಯೇ ತಳವನ್ನು ನೀರಿನಿಂದ ತೊಳೆದು, ಚಾಸಿಯ ಸಂದುಗಳಲ್ಲಿನ ಕೆಸರನ್ನು ಬಿಡಿಸತಕ್ಕದ್ದು. ಸೋದರಿಯವರು ಜೀಪಿನ ಕೆಳಗೆ ಒಂದು ಗೋಣಿಯನ್ನು ಹಾಸಿ ಮಲಗಿ, ಸ್ಪ್ರಿಂಗು ಕೂಡುವ ಸ್ಥಳಗಳಲ್ಲಿ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ನೋಡಲಿ. ಖಣಿಲೆಂದರೆ ಕಬ್ಬಿಣ ಉಳಿದಿರುವುದು. ಮಂಕಾದ ಸದ್ದು ಬಂದು ಹಪ್ಪಳದಂತೆ ಎದ್ದುಬಂದರೆ, ಎಂಜಿನು ಎಷ್ಟೇ ಚೆನ್ನಾಗಿದ್ದರೂ ಅತ್ತೆಯವರಿಗೆ ವಿಷಯವನ್ನು ಮೃದುವಾಗಿ ತಿಳಿಸುವುದೇ ಸರಿ. ಗ್ರೀಸು ಹಾಕುವ ಸ್ಥಳಗಳಿಗೆ ಮಾವನವರು ತಿಂಗಳು ತಿಂಗಳೂ ಹಾಕಿಸುತ್ತಿದ್ದರೆಂದು ಅವರು ಬರೆದಿರುವುದರಿಂದ ನಮಗೆ ಬಹಳ ಭರವಸೆಯುಂಟು.

ಕಾಗದಪತ್ರಗಳ ವಿಷಯವು ತಡೆಯುವಂತಹದಲ್ಲ. ಆರ್.ಸಿ. ಇನ್ನೂ ಮಾವನವರ ಹೆಸರಿನಲ್ಲಿಯೇ ಇರುವುದೆಂದು ತಿಳಿಯಿತು. ಮಾಲೀಕರು ತೀರಿಕೊಂಡರೆ ಗಾಡಿಯನ್ನು ವಶದಲ್ಲಿಟ್ಟುಕೊಂಡ ವಾರಸುದಾರರು ಮೂವತ್ತು ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕೆಂಬುದು ಕಾನೂನು. ಮೊದಲನೆಯ ಗಡುವು ಕಳೆದಿರುವುದು. ಎರಡನೆಯದಕ್ಕೆ ಉಳಿದಿರುವುದು ಕೆಲವೇ ವಾರಗಳು. ಮಾರುವುದಾದರೂ ಇಟ್ಟುಕೊಳ್ಳುವುದಾದರೂ ಈ ಕೆಲಸವನ್ನು ಮೊದಲು ಮಾಡಿಸತಕ್ಕದ್ದು. ವಿಮೆಯನ್ನೂ ಅದರೊಡನೆಯೇ ಬದಲಾಯಿಸಿಕೊಳ್ಳಬೇಕು. ಖಾಸಗಿ ಗಾಡಿಯ ನೋಂದಣಿಯು ಮೊದಲು ಹದಿನೈದು ವರ್ಷ, ಆಮೇಲೆ ಎಫ್.ಸಿ. ಮಾಡಿಸಿಕೊಂಡು ಐದೈದು ವರ್ಷ ನಡೆಯುವುದು. ಅವರದು 2024ರಲ್ಲಿ ನವೀಕರಣವಾಗಿರುವುದರಿಂದ 2029ರವರೆಗೆ ಯೋಚನೆಯಿಲ್ಲ. ಆದರೆ 2025ರಲ್ಲಿ ಬಂದ ನಿಯಮದ ಪ್ರಕಾರ ಇಪ್ಪತ್ತು ವರ್ಷ ದಾಟಿದ ಇಂತಹ ಗಾಡಿಯ ನವೀಕರಣದ ಶುಲ್ಕವು 10,000 ರೂಪಾಯಿ. ಮುಂಚೆ ಕೊಟ್ಟುದರ ಎರಡರಷ್ಟು. ಹತ್ತು ವರ್ಷದ ಡೀಸೆಲ್ ಗಾಡಿಯನ್ನು ಓಡಿಸಕೂಡದೆಂದು ಯಜಮಾನರು ಎಲ್ಲಿಯೋ ಕೇಳಿದರಂತೆ. ಅದು ದಿಲ್ಲಿಯ ಪ್ರಾಂತಕ್ಕೆ ಸಂಬಂಧಿಸಿದಂತೆ 2015ರಲ್ಲಿ ಹಸಿರು ನ್ಯಾಯಪೀಠವು ಮಾಡಿದ ಆಜ್ಞೆ. ಗುಬ್ಬಿಗೆ ಅದು ತಾಗದು.

ಇನ್ನು ಯಜಮಾನರ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅವರು ಕೊಳ್ಳಬೇಕೆಂದಿರುವ ಥಾರ್ ಗಾಡಿಯ 2020ರ ಮಾದರಿಯನ್ನು ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಡಿಕ್ಕಿ ಹೊಡೆಸಿ ಪರೀಕ್ಷಿಸಿ, ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಐದರಲ್ಲಿ ನಾಲ್ಕು ನಕ್ಷತ್ರಗಳನ್ನು ಕೊಟ್ಟಿರುವರು. ಏರ್‌ಬ್ಯಾಗು, ಬೆಲ್ಟು, ಜಾರದಂತೆ ಹಿಡಿಯುವ ಬ್ರೇಕು ಇವೆಲ್ಲ ಅದರಲ್ಲಿ ಉಂಟು. ಮಾವನವರ ಜೀಪಿನ ಹಿಂದಿನ ಬೆಂಚಿನಲ್ಲಿ ಬೆಲ್ಟು ಕೂಡ ಇಲ್ಲ. ಆದರೆ ಕೊಳ್ಳುವ ಮೊದಲು ವಿಚಾರಿಸಬೇಕು: 2023ರಿಂದ ಹಿಂದಿನ ಎರಡು ಚಕ್ರಗಳು ಮಾತ್ರ ಎಳೆಯುವ ಥಾರ್ ಕೂಡ ಬಂದಿರುವುದು. ಮುಖ ಅದೇ, ಗುಣ ಬೇರೆ. ತೋಟದ ಕೆಸರಿಗೆ ಬೇಕೆಂದರೆ ನಾಲ್ಕು ಚಕ್ರದ್ದೇ ಆಗಬೇಕು. ಅದಕ್ಕೆ ಹತ್ತು ಲಕ್ಷ ರೂಪಾಯಿಗೆ ಮೇಲ್ಪಟ್ಟು ಬೀಳುವುದು. ತೆಂಗಿನ ಬೆಲೆಯನ್ನು ನಂಬಿ ಅಷ್ಟು ಸಾಲವನ್ನು ತಲೆಗೆ ಕಟ್ಟಿಕೊಳ್ಳುವ ಮುನ್ನ ಯಜಮಾನರು ಇನ್ನೊಮ್ಮೆ ಆಲೋಚಿಸಲಿ.

ನಮ್ಮ ಅಭಿಪ್ರಾಯವನ್ನೇ ಕೇಳಿದರೆ ಹೀಗೆ: ಚಾಸಿಯು ಗಟ್ಟಿಯಾಗಿದ್ದು ಮೇಸ್ತ್ರಿಯು ಸಿಕ್ಕುವಂತಿದ್ದರೆ ಜೀಪನ್ನು ಮಾರಬೇಕಾಗಿಲ್ಲ. ಅದು ತೋಟಕ್ಕೂ ಹಳ್ಳಿಯ ದಾರಿಗೂ ಇರಲಿ. ಮಕ್ಕಳನ್ನು ಮಾತ್ರ ಇನ್ನು ಅದರ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡು ದೊಡ್ಡ ರಸ್ತೆಗೆ ಹೋಗಕೂಡದು, ನಾಳೆಯಿಂದಲೇ ನಿಲ್ಲಿಸಬೇಕು. ಶಾಲೆಯ ವ್ಯಾನೋ, ಬಸ್ಸೋ, ಬೆಲ್ಟುಗಳಿರುವ ಚಿಕ್ಕ ಹಳೆಯ ಕಾರೋ, ಯಾವುದು ಅನುಕೂಲವೋ ಅದಾಗಲಿ. ನಮ್ಮ ಮೊಮ್ಮಗಳಿಗೆ ಈಗ ಹಣೆಯ ಕೂದಲನ್ನು ಮುಂದಕ್ಕೆ ಬಾಚುವುದು ರೂಢಿಯಾಗಿಬಿಟ್ಟಿದೆ. ತೋಟಕ್ಕೆ ಹೋಗುವಾಗ ಅವಳು ಬಸ್ಸಿನಲ್ಲಿ ಬರುವಳು. ನಾವು ಜೀಪಿನಲ್ಲಿ ಹೋಗಿ ನಿಲ್ದಾಣದ ಬಳಿ ಕಾಯುವೆವು.

ಕೊನೆಯದಾಗಿ ಸೋದರಿಯವರು ಕೇಳಿರುವ ಸಣ್ಣ ಪ್ರಶ್ನೆಗೆ ಉತ್ತರ. ಮೊನ್ನೆ ಕೆಸರಿನಲ್ಲಿ ಹೂತಾಗ ಲಿವರನ್ನು ಎಳೆದರೂ ಮುಂದಿನ ಚಕ್ರಗಳು ತಿರುಗಲಿಲ್ಲವೆಂದೂ, ಗೇರು ಹೋಗಿದೆಯೆಂದು ಯಜಮಾನರು ಹೇಳುವರೆಂದೂ ಬರೆದಿರುವರು. ಮುಂದಿನ ಎರಡೂ ಚಕ್ರಗಳ ನಡುವೆ ಕೈಯಿಂದ ತಿರುಗಿಸುವ ಬಿಲ್ಲೆಯುಂಟೇ ನೋಡಲಿ. ಇದ್ದರೆ ಕೆಳಗಿಳಿದು ಎರಡನ್ನೂ ಬಿಗಿಯುವ ಗುರುತಿನ ಕಡೆಗೆ ತಿರುಗಿಸಬೇಕು, ಆಮೇಲೆ ಲಿವರು. ಮಾವನವರು ಬಹುಶಃ ಇದನ್ನು ಯಾರಿಗೂ ಹೇಳಿಕೊಟ್ಟಿರಲಾರರು.