ಸಲೈನ್ ಹಚ್ಚೋಕಿಂತ ಮೊದಲು ನಳದ ನೀರು ನೋಡೋಣ

ಸೇಡಂ ಕಡೆ ಮಳೆ ಹಿಡಿದರೆ ಸಾಕು, ಓಣಿ ಓಣಿಯಲ್ಲಿ ಒಂದೇ ಮಾತು: 'ಟೈಫಾಯಿಡ್ ಅದ ಅಂತ, ಸಲೈನ್ ಹಚ್ಯಾರ.' ರಕ್ತ ಕೊಟ್ಟ ಸ್ವಲ್ಪ ಹೊತ್ತಿಗೇ 'ವಿಡಾಲ್ ಪಾಸಿಟಿವ್' ಚೀಟಿ ಕೈಗೆ ಬರುತ್ತದೆ. ತೊಗರಿ ಬಿತ್ತನೆಗೆ ಇಟ್ಟ ರೊಕ್ಕ ಬಾಟಲಿ, ಇಂಜೆಕ್ಷನ್‌ಗೆ ಹೋಗುತ್ತದೆ.

ನಾವು ಡಾಕ್ಟರ್ ಅಲ್ಲ, ಪತ್ರಿಕೋದ್ಯಮ ಓದಿದವರು. ಆದರೂ ಇಷ್ಟು ಹೇಳಬಲ್ಲೆವು. ವಿಡಾಲ್ 1896ರ ಕಾಲದ ಪರೀಕ್ಷೆ. ಹಿಂದೆಂದೋ ಬಂದುಹೋದ ಸೋಂಕಿಗೂ, ಬೇರೆ ಜ್ವರಕ್ಕೂ ಅದು ಪಾಸಿಟಿವ್ ತೋರಿಸಬಹುದು. ಅದಕ್ಕಿಂತ ನಂಬಿಕೆಯದು ಬ್ಲಡ್ ಕಲ್ಚರ್. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಅದಕ್ಕೆ ರಕ್ತ ತೆಗೆಯಬೇಕು. ಹಾಗಂತ ಜ್ವರ ಬಂದರೆ ಮನೆಯಲ್ಲೇ ಮಲಗಬೇಡಿ. ನಿಜವಾದ ಟೈಫಾಯಿಡ್‌ಗೆ ಚಿಕಿತ್ಸೆ ತಡವಾದರೆ ಕರುಳಿಗೆ ತೂತು ಬಿದ್ದು ಜೀವವೇ ಹೋಗಬಹುದು.

ಈ ರೋಗ ತರುವ ಸಾಲ್ಮೊನೆಲ್ಲಾ ಟೈಫಿ ದನದಲ್ಲಿಲ್ಲ, ಕೋಳಿಯಲ್ಲಿಲ್ಲ. ಮನುಷ್ಯನಲ್ಲಿ ಮಾತ್ರ ಬದುಕುತ್ತದೆ. ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಂದರೆ ಒಬ್ಬರ ಮಲ ಇನ್ನೊಬ್ಬರ ಬಾಯಿಗೆ ಹೋಗಿದೆ ಅಂತಲೇ ಅರ್ಥ. ಹೇಳಲು ಹೇಸಿಗೆ, ಆದರೆ ಹೇಳಲೇಬೇಕು.

ದಾರಿ ಯಾವುದು? ನಮ್ಮ ಎಷ್ಟೋ ಓಣಿಗಳಲ್ಲಿ ನೀರಿನ ಪೈಪು ಗಟಾರದೊಳಗೇ ಹಾಯ್ದು ಹೋಗಿದೆ. ನಮ್ಮದು ಫರಸಿ ಕಲ್ಲಿನ ನೆಲ, ಆಳ ಅಗೆಯುವುದು ತ್ರಾಸು, ಒಪ್ಪುತ್ತೇವೆ. ಆದರೆ ನೀರು ಬಂದ್ ಆದಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಒಡಕು ಇದ್ದಲ್ಲಿ ಗಟಾರದ ನೀರು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡದಲ್ಲೇ ಮನೆಗೆ ಬರುತ್ತದೆ.

2016ರಲ್ಲಿ ಹೈದರಾಬಾದ್‌ನಲ್ಲಿ (ನಮ್ಮದಲ್ಲ, ಪಾಕಿಸ್ತಾನದ ಸಿಂಧ್‌ನದು) ಸೆಫ್‌ಟ್ರಿಯಾಕ್ಸೋನ್ ಇಂಜೆಕ್ಷನ್‌ಗೂ ಬಗ್ಗದ ಟೈಫಾಯಿಡ್ ಹಬ್ಬಿತು. ಅಲ್ಲಿಯೂ ಅನುಮಾನ ಹೋದದ್ದು ಚರಂಡಿ ಬೆರೆತ ಕುಡಿಯುವ ನೀರಿನ ಮೇಲೆ. ಸಿಪ್ರೊಫ್ಲಾಕ್ಸಾಸಿನ್ ಅಂತೂ ನಮ್ಮ ದೇಶದ ಟೈಫಾಯಿಡ್‌ಗೆ ಈಗ ಹೆಚ್ಚಾಗಿ ನಾಟುವುದೇ ಇಲ್ಲ. ಅನುಮಾನಕ್ಕೆಲ್ಲ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಉಳಿದವೂ ಹಾಗೇ ಆಗುತ್ತವೆ.

ಜಲ ಜೀವನ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು, ಕಿಟ್ ಕೊಡಬೇಕು. ಅದರ ಸಣ್ಣ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ, ಆ ನೀರಿಗೆ ಹೊಲಸು ಸೇರಿದೆ ಎಂದು ತಿಳಿಯಬೇಕು. ನಿಮ್ಮೂರಿನ ಆ ಐವರು ಯಾರು? ಕಿಟ್ ಯಾರ ಕಪಾಟಿನಲ್ಲಿದೆ? ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳೋಣ. ಟಾಕಿಯ ನೀರು ನೋಡಿ ಸಹಿ ಹಾಕಿದರೆ ಸಾಲದು, ಓಣಿಯ ಕಟ್ಟಕಡೆಯ ನಳದ್ದು ನೋಡಲಿ. ಅಲ್ಲಿಯತನಕ ಕುದಿಸಿ ಆರಿಸಿದ ನೀರೇ ಕುಡಿಯಿರಿ.